ಹಿಮದಲ್ಲಿ ಹಾರಿದವರಿಗೆ ನಾನು ಬರೆದ ಸನ್ಮಾನ ಪತ್ರ

ಕಳೆದ ತಿಂಗಳು ಒಂದು ಸಂಜೆ ಕರೆಂಟು ಹೋಗಿತ್ತು. ಮೇಣದ ಬತ್ತಿ ಹಚ್ಚುವಾಗ ನನ್ನ ಕೈ ವಾಲಿ ಎರಡು ಹನಿ ಮೇಣ ಹೆಂಡತಿಯ ಹೊಸ ಸೀರೆಯ ಮೇಲೆ ಬಿತ್ತು. ಬೈದಳು, ಬೈಯದೆ ಬಿಡುವವಳಲ್ಲ. ಮರುದಿನ ಬೆಳಗ್ಗೆ ಕಲೆಯ ಮೇಲೆ ಹಳೆಯ ಪೇಪರು ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದಳು. ಬಿಸಿಗೆ ಮೇಣ ಕರಗಿ ಪೇಪರಿಗೆ ಹತ್ತಿತು. ಆ ವಾಸನೆ... ಜಗಲಿಯಲ್ಲಿ ಕೂತಿದ್ದ ನನ್ನವರೆಗೂ ಬಂತು. ಚಹಾದ ಲೋಟ ಕೈಯಲ್ಲೇ ಉಳಿಯಿತು. ಇಪ್ಪತ್ತು ವರ್ಷಗಳ ಹಿಂದೆ ಪ್ರತಿ ಡಿಸೆಂಬರಿನಲ್ಲಿ ನಮ್ಮ ಪಕ್ಕದ ಮನೆಯಿಂದ ಬರುತ್ತಿದ್ದದ್ದು ಇದೇ ವಾಸನೆ.

ಪಕ್ಕದ ಮನೆಯವರನ್ನು ಊರಿಗೆ ಊರೇ ‘ಮಿಲಿಟ್ರಿ’ ಎನ್ನುತ್ತಿತ್ತು. ನನಗಿಂತ ಆರೇಳು ವರ್ಷ ದೊಡ್ಡವರು, ಹಾಗಾಗಿ ನಾನು ಅಣ್ಣ ಎನ್ನುತ್ತಿದ್ದೆ. ನಾನು ಆಗ ಪುತ್ತಿಗೆಯ ಒಂದು ಕನ್ನಡ ಶಾಲೆಯಲ್ಲಿ ಮಾಷ್ಟ್ರು. ಅವರು ಸೈನ್ಯದಿಂದ ನಿವೃತ್ತರಾಗಿ ಬಂದು, ನನ್ನ ಬೇಲಿಯ ಆಚೆಗೆ ಕೆಂಪುಕಲ್ಲಿನ ಒಂದು ಸಣ್ಣ ಮನೆ ಕಟ್ಟಿಸಿದ್ದರು. ಹೆಂಡತಿ, ಒಬ್ಬಳೇ ಮಗಳು. ಪೇಟೆಯ ಬ್ಯಾಂಕೊಂದರ ಬಾಗಿಲಲ್ಲಿ ಕಾವಲಿನ ಕೆಲಸ. ಬಲಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು.

ಅವರು ಊರಿಗೆ ಬಂದಿಳಿದ ದಿನದ ಕತೆಯನ್ನು ಕಂಡಕ್ಟರು ವರ್ಷಗಟ್ಟಲೆ ಹೇಳಿ ನಗುತ್ತಿದ್ದ. ಬಸ್ಸಿನ ಮೇಲೆ ಒಂದು ಉದ್ದದ ಕಟ್ಟು. ಗೋಣಿಚೀಲ ಸುತ್ತಿ ಹಗ್ಗ ಬಿಗಿದದ್ದು, ಎಂಟು ಅಡಿಗಿಂತ ಕಡಿಮೆ ಇರಲಿಲ್ಲ. ಸೈನ್ಯದವರು ತಂದದ್ದಲ್ಲವೇ, ಬಂದೂಕೇ ಇರಬೇಕೆಂದು ಜನ ಕುತ್ತಿಗೆ ಉದ್ದ ಮಾಡಿ ನೋಡಿದ್ದರಂತೆ. ಬಿಚ್ಚಿದರೆ ಎರಡು ಹಲಗೆ! ಮುಂದಿನ ತುದಿ ಮೇಲಕ್ಕೆ ಬಾಗಿದ, ಬಣ್ಣ ಹೋದ ಎರಡು ಹಲಗೆ.

ಹಿಮದ ಬೆಟ್ಟದಲ್ಲಿ ಅವರು ಕಾಲಿಗೆ ಕಟ್ಟಿಕೊಂಡು ಜಾರಿ ಹಾರುತ್ತಿದ್ದ ಸ್ಕೀ ಅದು. ಹಳತಾಯಿತೆಂದು ಬಿಸಾಡಲಿಕ್ಕಿದ್ದದ್ದನ್ನು ಕೇಳಿ ತಂದಿದ್ದರು. ಡಿಸೆಂಬರು ಬಂತೆಂದರೆ ಅಂಗಳದಲ್ಲಿ ಎರಡು ಸ್ಟೂಲಿನ ಮೇಲೆ ಅವನ್ನು ಮಗುಚಿ ಇಟ್ಟು, ಮೇಣದ ಬತ್ತಿಯನ್ನು ಇಸ್ತ್ರಿಪೆಟ್ಟಿಗೆಗೆ ತಾಗಿಸಿ, ಹನಿ ಹನಿಯಾಗಿ ಕರಗಿಸಿ ಅಡಿಭಾಗಕ್ಕೆ ಸವರುತ್ತಿದ್ದರು. ಆಮೇಲೆ ಬಟ್ಟೆಯಿಂದ ಉಜ್ಜಿ ಉಜ್ಜಿ ಹೊಳಪು ಬರಿಸುವುದು. ಇನ್ನೆಂದೂ ಹಿಮ ಕಾಣದ ಹಲಗೆಗೆ ಇದೆಲ್ಲ ಯಾಕೆ ಎಂದು ನಾನು ಕೇಳಿದ್ದೆ. ಮೇಣ ಇಲ್ಲದಿದ್ದರೆ ಒಣಗಿ ಸೀಳ್ತದೆ ಮಾಷ್ಟ್ರೇ, ಅಂದಿದ್ದರು.

ಅವರ ಕತೆ ಇಷ್ಟು. ಬಡವರ ಮನೆ. ಸಣ್ಣವರಿದ್ದಾಗ ಮಳೆನೀರು ತುಂಬಿದ ಕಲ್ಲುಕೋರೆಗೆ ಮೇಲಿನ ಅಂಚಿನಿಂದ ಹಾರುವುದೇ ಆಟ. ಸೈನ್ಯಕ್ಕೆ ಸೇರಿ ಉತ್ತರದ ಹಿಮದ ಬೆಟ್ಟಗಳಿಗೆ ಹೋದಾಗ, ಎತ್ತರಕ್ಕೆ ಹೆದರದವರು ಯಾರು ಎಂದು ಒಬ್ಬ ಅಧಿಕಾರಿ ಕೇಳಿದರಂತೆ. ಇವರು ಕೈ ಎತ್ತಿದರು. ಅಲ್ಲಿಂದ ಒಂಬತ್ತು ಚಳಿಗಾಲ ಹಾರಿದ್ದೇ ಹಾರಿದ್ದು. ಬೆಟ್ಟದ ನೆತ್ತಿಯಿಂದ ಇಳಿಜಾರಾಗಿ ಕಟ್ಟಿದ ಒಂದು ದಾರಿ. ಮೇಲೆ ಒಂದು ಅಡ್ಡ ಹಲಗೆಯಲ್ಲಿ ಕೂರಬೇಕು. ಕೈ ಬಿಟ್ಟರೆ ಮುಗಿಯಿತು, ಮತ್ತೆ ನಿಲ್ಲಿಸಲಿಕ್ಕೆ ಏನೂ ಇಲ್ಲ. ಕುಕ್ಕರಗಾಲಿನಲ್ಲಿ ಜಾರಿಕೊಂಡು ಬಂದು ದಾರಿ ಮುಗಿಯುವಲ್ಲಿ ನೆಗೆಯಬೇಕು. ಗಾಳಿಯಲ್ಲಿ ಮೂಗು ಹಲಗೆಯ ತುದಿಗೆ ತಾಗುತ್ತದೋ ಎಂಬಷ್ಟು ಮುಂದಕ್ಕೆ ಬಾಗಬೇಕು. ಕೆಳಗೆ ಇಳಿಯುವಾಗ ಒಂದು ಪಾದ ಮುಂದೆ, ಒಂದು ಹಿಂದೆ, ಮೊಣಕಾಲು ಮಡಚಿ, ಎರಡೂ ಕೈ ಅಗಲಕ್ಕೆ.

ಭಾನುವಾರಗಳಂದು ಅವರ ಜಗಲಿಯೇ ನನ್ನ ಠಿಕಾಣಿ. ಒಂದು ದಿನ ಮಾತಿನ ಭರದಲ್ಲಿ ಎದ್ದು, ಜಗಲಿಯ ಮೆಟ್ಟಿಲಿನಿಂದ ಅಂಗಳಕ್ಕೆ ಹಾರಿ ತೋರಿಸಿಯೇ ಬಿಟ್ಟರು. ಒಂದು ಪಾದ ಮುಂದೆ, ಒಂದು ಹಿಂದೆ. ಕೈ ಅಗಲಿಸಿ ಹಾಗೆಯೇ ನಿಂತರು. ನೋವಿಗೆ ಮುಖ ಕಿವುಚಿದರೂ ಕೈ ಮಾತ್ರ ಇಳಿಸಲಿಲ್ಲ. “ದೂರ ಹಾರಿದ್ರೆ ಸಾಲುದಿಲ್ಲ ಮಾಷ್ಟ್ರೇ. ಹೇಗೆ ಇಳಿದೆ ಅಂತ ಬೇರೆ ಮಾರ್ಕು ಉಂಟು. ಕೈ ಹಿಮಕ್ಕೆ ತಾಗಿದ್ರೆ ಹೋಯ್ತು,” ಅಂದರು. ಒಳಗಿನಿಂದ ಅವರ ಹೆಂಡತಿ ತುಳುವಿನಲ್ಲಿ ಚೆನ್ನಾಗಿ ಬೈದದ್ದು ಕೇಳಿಸಿತು.

ಒಮ್ಮೆ ಅವರನ್ನು ಯುರೋಪಿನ ಯಾವುದೋ ಊರಿನ ಸ್ಪರ್ಧೆಗೂ ಕಳಿಸಿದ್ದರು. ಅಲ್ಲಿ ಇವರು ಕಡೆಯಿಂದ ಎರಡನೆಯವರು. ಕಡೆಯವನು ಬಿದ್ದಿದ್ದ! ಇದನ್ನು ಹೇಳಿ ಅವರೇ ಮೊದಲು ನಗುತ್ತಿದ್ದರು. ಆದರೆ ತನ್ನ ಜೀವಮಾನದ ಅತಿ ಉದ್ದದ ನೆಗೆತ ಆ ದಿನದ್ದೇ, ಇಳಿದದ್ದೂ ಕೂದಲೆಳೆಯಷ್ಟು ತಪ್ಪಿಲ್ಲದೆ, ಅನ್ನುವಾಗ ಮಾತ್ರ ನಗುತ್ತಿರಲಿಲ್ಲ. ಮರುವರ್ಷ ನಮ್ಮ ದೇಶದ ಬೆಟ್ಟದಲ್ಲೇ, ಅಭ್ಯಾಸದ ದಿನ, ಗಟ್ಟಿ ಹೆಪ್ಪುಗಟ್ಟಿದ ಹಿಮದ ಮೇಲೆ ಇಳಿದು ಬಲ ಮೊಣಕಾಲು ಹೋಯಿತು. ಅಲ್ಲಿಗೆ ಹಾರುವುದು ಮುಗಿಯಿತು. ಆಮೇಲೆ ಉಳಿದ ವರ್ಷಗಳನ್ನು ಸೈನ್ಯದ ಉಗ್ರಾಣದಲ್ಲಿ ಕಂಬಳಿ, ಬೂಟು ಎಣಿಸಿಕೊಂಡು ಕಳೆದರು.

ಊರಿನವರಿಗೆ ಇದು ಯಾಕೆ ಬೇಕು? ಮಿಲಿಟ್ರಿಯವ ಬಂದನೆಂದರೆ ಯುದ್ಧದ ಕತೆ ಬೇಕು. ಎಷ್ಟು ಜನರನ್ನು ಕೊಂದೆ, ಅದು ಹೇಳು. ಇವರು ಹೋಟೆಲಿನ ಬೆಂಚಿನಲ್ಲಿ ಕೂತು ಹಿಮ, ಗಾಳಿ, ಹಲಗೆ ಎಂದು ಶುರು ಮಾಡಿದರೆ, ಕೇಳುವವರು ಒಬ್ಬರ ಮುಖ ಒಬ್ಬರು ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಅವರಲ್ಲಿ ಒಂದು ಫೋಟೋ ಇತ್ತು, ತಾನು ಗಾಳಿಯಲ್ಲಿರುವುದು. ಬಿಳಿ ಆಕಾಶ, ಬಿಳಿ ಬೆಟ್ಟ, ನಡುವೆ ಒಂದು ಕಪ್ಪು ಗೀಟು. “ಇದು ನೀವಾ, ಕಾಕೆಯಾ ಮಾರಾಯ್ರೆ?” ಎಂದು ಹೋಟೆಲಿನವನು ಕೇಳಿದ. ಅಂದಿನಿಂದ ಫೋಟೋ ಹೊರಗೆ ಬರಲಿಲ್ಲ. “ದೇಶ ಕಾಯ್ಲಿಕ್ಕೆ ಕಳಿಸಿದ್ರೆ ಇವ ಜಾರುಬಂಡಿ ಆಡಿ ಬಂದಿದ್ದಾನೆ,” ಎಂಬ ಮಾತು ಊರೆಲ್ಲ ತಿರುಗಿತು. ಶಾಲೆಯಲ್ಲಿ ಮಕ್ಕಳು ಅವರ ಮಗಳನ್ನು ‘ಜಾರುಬಂಡಿ’ ಎಂದು ಕರೆಯತೊಡಗಿದರು. ಅವಳು ನನ್ನದೇ ತರಗತಿ, ಐದನೆಯದ್ದು. ಮುಂಚೆ ಅಪ್ಪನ ಜೊತೆ ಕೂತು ಮೇಣ ಉಜ್ಜುತ್ತಿದ್ದ ಹುಡುಗಿ ಆ ವರ್ಷ ಅಂಗಳಕ್ಕೇ ಇಳಿಯಲಿಲ್ಲ.

ಇನ್ನು ನನ್ನ ಪ್ರತಾಪಕ್ಕೆ ಬರುತ್ತೇನೆ.

ನಮ್ಮ ಕಡೆ ಒಂದು ಕ್ಲಬ್ಬು ಎಂದರೆ ಅದಕ್ಕೊಂದು ವಾರ್ಷಿಕೋತ್ಸವ. ವಾರ್ಷಿಕೋತ್ಸವ ಎಂದರೆ ಸನ್ಮಾನ ಇರಲೇಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, ಮತ್ತೆ ಚೌಕಟ್ಟು ಹಾಕಿದ ಸನ್ಮಾನ ಪತ್ರ. ಅದನ್ನು ಮೈಕಿನಲ್ಲಿ ಓದಿಯೇ ಕೊಡಬೇಕು. ಸುತ್ತಲಿನ ನಾಲ್ಕೂರಿನ ಸನ್ಮಾನ ಪತ್ರಗಳನ್ನು ಬರೆಯುತ್ತಿದ್ದವನು ನಾನು. ನಿವೃತ್ತ ಪೋಸ್ಟ್‌ಮನ್ನನ್ನು ‘ಅಕ್ಷರದೂತ’ ಮಾಡಿದವನು ನಾನೇ, ಬಾವಿ ತೋಡುವವರನ್ನು ‘ಪಾತಾಳಗಂಗೆಯ ಭಗೀರಥ’ ಮಾಡಿದವನೂ ನಾನೇ. ಜನ ಚಪ್ಪಾಳೆ ತಟ್ಟುವಾಗ ನಾನು ಹಿಂದಿನ ಸಾಲಿನಲ್ಲಿ ಕೂತು ಎದೆ ಉಬ್ಬಿಸುತ್ತಿದ್ದೆ. ಕೊಬ್ಬು, ಮತ್ತೇನು!

ಆ ವರ್ಷ ನೆರೆಯ ಊರಿನ ಕ್ಲಬ್ಬಿನವರು ಒಬ್ಬ ಯೋಧರನ್ನು ಸನ್ಮಾನಿಸಿದ್ದರು. ನಮ್ಮವರಿಗೆ ಹೊಟ್ಟೆಯುರಿ ತಡೆಯಲಿಲ್ಲ. ನಮ್ಮಲ್ಲೂ ಒಬ್ಬರಿದ್ದಾರಲ್ಲ ಎಂದು ಆಗ ನೆನಪಾಯಿತು. ನಿನ್ನೆಯವರೆಗೆ ಜಾರುಬಂಡಿ, ಇವತ್ತು ನಮ್ಮ ಹೆಮ್ಮೆಯ ಸೈನಿಕ.

ಸುದ್ದಿ ತಿಳಿದ ಸಂಜೆ ಅವರು ನನ್ನ ಮನೆಗೆ ಬಂದರು. ಅಂಗಿಯ ಕಿಸೆಯಿಂದ ಮಡಚಿದ ಒಂದು ಕಾಗದ ತೆಗೆದು ಕೊಟ್ಟರು. ಆ ಒಂದು ನೆಗೆತದ ವಿವರವನ್ನೆಲ್ಲ ಕಷ್ಟಪಟ್ಟು ದುಂಡಗೆ ಬರೆದು ತಂದಿದ್ದರು. ಯಾವ ಊರು, ಎಷ್ಟು ಮೀಟರು, ಇಳಿದದ್ದಕ್ಕೆ ಎಷ್ಟು ಮಾರ್ಕು.

“ಇದೊಂದು ಬರೀರಿ ಮಾಷ್ಟ್ರೇ, ಬೇರೆ ಎಂತ ಹೊಗಳುದೂ ಬೇಡ,” ಅಂದರು. “ನಾನು ಹೇಳಿದ್ರೆ ಮಗಳು ಕೇಳುದಿಲ್ಲ. ಮೈಕಿನಲ್ಲಿ ಬಂದ್ರೆ ಕೇಳ್ತಾಳೆ. ಅವಳಿಗೆ ಗೊತ್ತಾದ್ರೆ ಸಾಕು.”

ಅದಕ್ಕಿಂತ ಮೊದಲು ಅವರು ನನ್ನಲ್ಲಿ ಏನನ್ನೂ ಕೇಳಿದವರಲ್ಲ. ನೀವು ಚಿಂತೆ ಮಾಡಬೇಡಿ ಅಣ್ಣ ಎಂದು ನಾನು ದೊಡ್ಡದಾಗಿ ಭರವಸೆ ಕೊಟ್ಟೆ.

ಬರೆದೆ, ಬರೆಯಲಿಲ್ಲ ಎಂದಲ್ಲ. ಅವರು ಕೊಟ್ಟ ಹಾಗೆಯೇ ಬರೆದು ಕ್ಲಬ್ಬಿನ ಅಧ್ಯಕ್ಷರಿಗೆ ತೋರಿಸಿದೆ. ಅವರು ಓದಿ ಕಾಗದವನ್ನು ಮೇಜಿನ ಮೇಲೆ ಕುಕ್ಕಿದರು. “ಎಂತ ಮಾಷ್ಟ್ರೇ ಇದು? ಹಾರಿದ, ಜಾರಿದ! ಅದೂ ಕಡೆಯಿಂದ ಎರಡನೆಯವ! ಸಭೆಯಲ್ಲಿ ಓದಿದ್ರೆ ಜನ ನಗುದಿಲ್ವಾ? ಗಡಿಯಲ್ಲಿ ಇದ್ದದ್ದು ಹೌದಲ್ಲ, ಕಾಲು ಹೋದದ್ದೂ ಹೌದಲ್ಲ. ಅದನ್ನು ಸ್ವಲ್ಪ ಚಂದ ಮಾಡಿ ಹಾಕಿ.”

ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅಧ್ಯಕ್ಷರಿಗೆ ಹೆದರಿ ಅಲ್ಲ, ಅವರೇನು ನನ್ನನ್ನು ನುಂಗುತ್ತಿದ್ದರೇ? ನಿಜ ಹೇಳುತ್ತೇನೆ, ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಹಲಗೆ ಕಟ್ಟಿಕೊಂಡು ಹಾರಿದ್ದಕ್ಕೆ ನನ್ನ ಹತ್ತಿರ ದೊಡ್ಡ ದೊಡ್ಡ ಮಾತು ಇರಲಿಲ್ಲ. ಯುದ್ಧಕ್ಕಾದರೆ ಬೇಕಾದಷ್ಟಿತ್ತು. ಕೂತೆ, ಬರೆದೆ. ‘ಹಿಮಾಚ್ಛಾದಿತ ಗಡಿಯಲ್ಲಿ ವೈರಿಯ ಗುಂಡಿಗೆ ಎದೆಯೊಡ್ಡಿ ನಿಂತ ಕೆಚ್ಚೆದೆಯ ಕಲಿಯೇ, ತಾಯ್ನಾಡಿಗಾಗಿ ಬಲಗಾಲಿನಲ್ಲಿ ಗುಂಡಿನ ಗಾಯವನ್ನು ಧರಿಸಿ ಬಂದ ಧೀರನೇ...’ ಲೇಖನಿ ಓಡಿದ್ದೇ ಓಡಿದ್ದು. ಹಾರಿದ್ದಕ್ಕೆ ಒಂದೂವರೆ ಸಾಲು ಮೀಸಲಿಟ್ಟಿದ್ದೆ. ಚೌಕಟ್ಟಿನಲ್ಲಿ ಜಾಗ ಸಾಲದೆ ಅದೂ ಹೋಯಿತು.

ಸಭೆಯ ದಿನ ಸಂಜೆ ಐದು ಗಂಟೆಗೇ ಕ್ಲಬ್ಬಿನ ಅಂಗಳ ತುಂಬಿತ್ತು. ಅವರು ಬಿಳಿ ಪಂಚೆ, ಗರಿಗರಿ ಬಿಳಿ ಅಂಗಿ ತೊಟ್ಟು ವೇದಿಕೆಯಲ್ಲಿ ಕೂತಿದ್ದರು. ಮಗಳು ಎದುರಿನ ಸಾಲಿನಲ್ಲಿ ತಾಯಿಗೆ ಒತ್ತಿಕೊಂಡು ಕೂತಿದ್ದಳು. ನಿರೂಪಕ ಓದತೊಡಗಿದಾಗ ಅವರು ಮಗಳನ್ನೇ ನೋಡುತ್ತಿದ್ದರು. ಗುಂಡಿನ ಮಾತು ಬಂದಾಗ ತಲೆ ತಿರುಗಿಸಿ ನನ್ನನ್ನು ಹುಡುಕಿದರು. ನಾನು ಹಿಂದಿನ ಸಾಲಿನಲ್ಲಿ ಕತ್ತು ಬಗ್ಗಿಸಿದೆ. ಚಪ್ಪಾಳೆಯೋ ಚಪ್ಪಾಳೆ.

ಶಾಲು ಹೊದೆಸಿದ ಮೇಲೆ ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅವರ ಮಾತು ಅಕ್ಷರ ಅಕ್ಷರವಾಗಿ ನೆನಪಿಲ್ಲ... ಹೀಗೆ ಏನೋ ಹೇಳಿದರು. “ನನಗೆ ಗುಂಡು ತಾಗಿದ್ದಿಲ್ಲ. ನಾನು ಯುದ್ಧಕ್ಕೆ ಹೋದವನೂ ಅಲ್ಲ. ಹಾರುವಾಗ ಬಿದ್ದು ಕಾಲು ಹೋದದ್ದು. ಇದರಲ್ಲಿ ಬರೆದದ್ದು ಸರಿ ಇಲ್ಲ.”

ಅಧ್ಯಕ್ಷರು ಎದ್ದು ಬಂದು ಮೈಕು ಅವರ ಕೈಯಿಂದ ನಯವಾಗಿಯೇ ತೆಗೆದುಕೊಂಡರು. “ನೋಡಿ, ನಿಜವಾದ ವೀರರು ಅಂದ್ರೆ ಹೀಗೆ! ತಾನು ಮಾಡಿದ್ದನ್ನು ತಾನು ಹೇಳಿಕೊಳ್ಳುದಿಲ್ಲ!” ಎಂದರು. ಮೊದಲಿನದ್ದಕ್ಕಿಂತ ಎರಡು ಪಾಲು ಚಪ್ಪಾಳೆ ಬಿತ್ತು. ಹೆಂಗಸರು ಕಣ್ಣೊರೆಸಿಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಗಳು ಬೆಂಚಿನ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಎಷ್ಟು ಖುಷಿ ಆ ಮುಖದಲ್ಲಿ! ಅಪ್ಪ ಅವಳನ್ನು ನೋಡಿದರು, ಮತ್ತೆ ಹೋಗಿ ಕುರ್ಚಿಯಲ್ಲಿ ಕೂತರು.

ಮರುದಿನ ಬೇಲಿಯ ಆಚೆಯಿಂದ ಕರೆದರು. ಬೈಯುತ್ತಾರೆ ಎಂದುಕೊಂಡು ಹೋದೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. “ಅವರಿಗೆಲ್ಲ ಗೊತ್ತಿರ್ಲಿಲ್ಲ ಮಾಷ್ಟ್ರೇ. ನಿಮಗೆ ಗೊತ್ತಿತ್ತು,” ಅಂದರು, ಅಷ್ಟೇ. ಆಮೇಲೆ ನಾನು ಭಾನುವಾರ ಅತ್ತ ಹೋಗಲಿಲ್ಲ, ಅವರೂ ಕರೆಯಲಿಲ್ಲ. ಮಗಳು ಮಾತ್ರ ಶಾಲೆಯಲ್ಲಿ ತಲೆ ಎತ್ತಿ ನಡೆಯತೊಡಗಿದಳು. ಅವಳಪ್ಪನಿಗೆ ಗುಂಡು ತಾಗಿದೆ, ಸಾಮಾನ್ಯವೇ? ಗುಂಡು ತಾಗಿದ್ದಿಲ್ಲ ಎಂದು ಅಪ್ಪ ಮನೆಯಲ್ಲಿ ಹೇಳಿದಷ್ಟೂ ಅವಳಿಗೆ ನಂಬಿಕೆ ಹೆಚ್ಚುತ್ತಿತ್ತಂತೆ. ನಾನು ಅದನ್ನೇ ಹಿಡಿದುಕೊಂಡು, ಮಗು ಖುಷಿಯಾಗಿದೆಯಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಆ ಸಮಾಧಾನ ಎರಡು ತಿಂಗಳು ಉಳಿಯಿತು. ಸನ್ಮಾನದ ಸುದ್ದಿ ನನ್ನ ಮಾತುಗಳ ಸಮೇತ ಪೇಪರಿನಲ್ಲಿ ಬಂದಿತ್ತು. ಕುಂಬ್ಡಾಜೆಯ ಕಡೆಯ ಒಬ್ಬ ನಿವೃತ್ತ ಯೋಧರು, ನಿಜವಾಗಿ ಯುದ್ಧ ಮಾಡಿದವರು, ತಮ್ಮ ಸಂಗಡಿಗರನ್ನು ಕಳೆದುಕೊಂಡವರು, ಅದನ್ನು ಓದಿ ವಿಚಾರಿಸಿಕೊಂಡು ಒಂದು ದಿನ ನೇರ ಬ್ಯಾಂಕಿಗೇ ಬಂದರು. ಬಾಗಿಲಲ್ಲಿ ನಿಂತಿದ್ದ ಇವರನ್ನು ಜನರೆದುರೇ ಕೇಳಿದರು. “ನಿಮಗೆ ಗುಂಡು ತಾಗಿದ್ದು ಯಾವ ಯುದ್ಧದಲ್ಲಿ?”

ತಾಗಿದ್ದಿಲ್ಲ ಎಂದರು ಇವರು.

“ಮತ್ತೆ ಪೇಪರಿನಲ್ಲಿ ಬಂದದ್ದು? ಶಾಲು ಹಾಕಿಸಿಕೊಂಡದ್ದು? ನಾಚಿಕೆ ಆಗುದಿಲ್ವಾ? ಸತ್ತವರ ಹೆಸರಿನಲ್ಲಿ ಚಪ್ಪಾಳೆ ತಿಂದದ್ದಲ್ವಾ ನೀವು?”

ನಾನು ಅಲ್ಲೇ ಇದ್ದೆ. ನಾಲ್ಕು ಮಾರು ದೂರದಲ್ಲಿ, ಕಿಟಕಿಯ ಬಳಿ ನಿಂತು ಯಾವುದೋ ಅರ್ಜಿ ತುಂಬಿಸುತ್ತಿದ್ದೆ. ಅದನ್ನು ಬರೆದದ್ದು ಆ ಮಾಷ್ಟ್ರು, ಕೇಳಿ ಅವರನ್ನೇ, ಎಂದು ಅಣ್ಣ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ನನ್ನತ್ತ ಒಮ್ಮೆ ನೋಡಿದರು. ಆಮೇಲೆ ತನಗೆ ಬೈಯುತ್ತಿದ್ದವರ ಕಡೆಗೆ ತಿರುಗಿ, ತಪ್ಪಾಯಿತು ಎಂದರು. ನಾನು ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗಕ್ಕೆ ನನ್ನ ಹೆಸರನ್ನೇ ಬರೆದಿದ್ದೆ. ಹರಿದು ಹಾಕಿ ಹಿಂದಿನ ಬಾಗಿಲಿನಿಂದ ಹೊರಬಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ವೇದಿಕೆಯ ಮೇಲೆ ನಿಂತು ಇದು ಸುಳ್ಳು ಎಂದು ಅವರು ಹೇಳಿದ್ದನ್ನು ಊರೆಲ್ಲ ಕೇಳಿತ್ತು. ಒಬ್ಬರಿಗೂ ಅದು ನೆನಪಿಲ್ಲ! ‘ಗುಂಡು ಮಿಲಿಟ್ರಿ’ ಎಂದು ಹೊಸ ಹೆಸರಿಟ್ಟರು. ಅಧ್ಯಕ್ಷರೇ ಹೋಟೆಲಿನಲ್ಲಿ ಕೂತು, ಅವ ನಮಗೂ ಟೊಪ್ಪಿ ಹಾಕಿದ ಮಾರಾಯ್ರೆ, ಎಂದರು. ನಾನು ಪಕ್ಕದ ಬೆಂಚಿನಲ್ಲಿ ಚಹಾ ಕುಡಿದು ಎದ್ದು ಬಂದೆ. ತರಗತಿಯಲ್ಲಿ ಮಕ್ಕಳು ಅವಳನ್ನು ‘ಗುಂಡು’ ಎಂದು ಕರೆದಾಗ ಬೆತ್ತ ಹಿಡಿದು ಗದರಿಸಿದೆ. ಬರೆದದ್ದು ನಾನು ಎಂದು ಮಾತ್ರ ಹೇಳಲಿಲ್ಲ. ಆ ಹುಡುಗಿ ಕೊನೆಯ ಬೆಂಚಿಗೆ ಹೋಗಿ ಕೂತಳು. ಅಪ್ಪ ಕೊಡೆ ಹಿಡಿದು ಶಾಲೆಗೆ ಬಂದರೆ, ಅವರನ್ನು ಕಂಡೂ ಕಾಣದ ಹಾಗೆ ಮಳೆಯಲ್ಲೇ ಓಡುತ್ತಿದ್ದಳು.

ಮುಂದಿನ ಡಿಸೆಂಬರಿನಲ್ಲಿ ಮೇಣದ ವಾಸನೆ ಬರಲಿಲ್ಲ. ಬೇಸಿಗೆ ರಜೆಯಲ್ಲಿ ಅವರು ಮನೆ ಮಾರಿ, ಹೆಂಡತಿಯ ತವರಿನ ಕಡೆ, ದೇಲಂಪಾಡಿಗೆ ಹೋದರು. ಹೋಗುವಾಗ ನನಗೆ ಹೇಳಲಿಲ್ಲ. ನಾನು ಆ ಹೊತ್ತಿಗೆ ಬೇಕೆಂದೇ ಪೇಟೆಗೆ ಹೋಗಿದ್ದೆ. ನಾಲ್ಕು ವರ್ಷಗಳ ಹಿಂದೆ ತೀರಿಕೊಂಡರೆಂದು ಗೊತ್ತಾದಾಗಲೂ ಹೋಗಲಿಲ್ಲ. ಮಂಡಿನೋವು ಎಂದು ಮನೆಯಲ್ಲಿ ಹೇಳಿದೆ.

ಕಳೆದ ತಿಂಗಳ ಆ ವಾಸನೆಯ ನಂತರ ಮಾತ್ರ ಕೂತಲ್ಲಿ ಕೂರಲಿಕ್ಕಾಗಲಿಲ್ಲ. ಒಂದು ವಾರ ಬಿಟ್ಟು ಎರಡು ಬಸ್ಸು ಬದಲಾಯಿಸಿ ದೇಲಂಪಾಡಿಗೆ ಹೋದೆ. ಮಗಳು ಈಗ ಅಂಗನವಾಡಿಯಲ್ಲಿ ಟೀಚರು. ಗುರುತು ಹಿಡಿದಳು, ಕೂರಿಸಿದಳು, ಬೆಲ್ಲ ನೀರು ಕೊಟ್ಟಳು. ಅಪ್ಪನ ಸುದ್ದಿ ಎತ್ತಿದಾಗ ಮುಖ ಬಿಗಿಯಿತು.

“ಅಪ್ಪ ಪಾಪದವರು ಮಾಷ್ಟ್ರೇ. ಮತ್ತೆ ಇಲ್ಲ ಇಲ್ಲ ಅಂದ್ರು, ಆದ್ರೆ ಮೊದ್ಲು ಕ್ಲಬ್ಬಿನವರಿಗೆ ಆ ಒಂದು ಸುಳ್ಳು ಯಾಕೆ ಹೇಳಿದ್ರು ಅಂತ ಗೊತ್ತಾಗ್ಲಿಲ್ಲ. ಎಷ್ಟು ವರ್ಷ ಅವರ ಒಟ್ಟಿಗೆ ನಾನು ಸರಿಯಾಗಿ ಮಾತಾಡ್ಲೇ ಇಲ್ಲ. ಮತ್ತೆ ಅವರೂ ಮಾತು ಕಮ್ಮಿ ಮಾಡಿದ್ರು.”

ಅವರು ಮಗಳಿಗೂ ಹೇಳಿರಲಿಲ್ಲ. ಇಷ್ಟು ವರ್ಷ, ಸ್ವಂತ ಮಗಳಿಗೂ, ನನ್ನ ಹೆಸರು ಹೇಳಿರಲಿಲ್ಲ. ಅವಳ ಪಾಲಿಗೆ ನಾನು ಒಳ್ಳೆಯ ಮಾಷ್ಟ್ರಾಗಿಯೇ ಉಳಿದಿದ್ದೆ.

ಎಲ್ಲವನ್ನೂ ಹೇಳಿದೆ. ಅವರು ಕೊಟ್ಟ ಕಾಗದ, ಅದರಲ್ಲಿ ಇದ್ದದ್ದು, ನಾನು ಬರೆದದ್ದು, ಬ್ಯಾಂಕಿನ ಕಿಟಕಿ, ಎಲ್ಲವನ್ನೂ. ಬೈಯುತ್ತಾಳೆ, ಹೊರಗೆ ನಡೆಯಿರಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲೂ ಇಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಹಾಗಾದ್ರೆ ಹಾರಿದ್ದು ನಿಜವಾ?” ಎಂದು ಕೇಳಿದಳು.

ನಿಜ ಎಂದೆ.

“ಎಷ್ಟು ದೂರ ಹಾರಿದ್ರು ಅಪ್ಪ?”

ಆ ಕಾಗದವನ್ನು ನಾನು ಎಂದೋ ಕಳೆದಿದ್ದೆ. ಎಷ್ಟು ಮೀಟರು... ಆ ದುಂಡಗಿನ ಅಕ್ಷರ ಕಣ್ಣಿಗೆ ಕಾಣುತ್ತದೆ, ಅಂಕೆ ಮಾತ್ರ ಕಾಣುವುದಿಲ್ಲ. ನೆನಪಿಲ್ಲ ಮಗಳೇ ಎಂದೆ.

ಅವಳು ತಲೆಯಾಡಿಸಿದಳು. ಎದ್ದು ಲೋಟ ತೆಗೆದುಕೊಂಡಳು. “ಮೂರೂವರೆಗೆ ಒಂದು ಬಸ್ಸುಂಟು ಮಾಷ್ಟ್ರೇ. ಅದು ತಪ್ಪಿದ್ರೆ ನಿಮಗೆ ಕಷ್ಟ,” ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಆ ಸನ್ಮಾನ ಪತ್ರ ನನಗೆ ಈಗಲೂ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ. ಒಂದು ಅಕ್ಷರ ತಪ್ಪದೆ ಹೇಳಬಲ್ಲೆ.